ಗಣೇಶನಿಗೆ, ಒಂದು ಡಬ್ಬದ ಕತೆ

ನೀರ್ಚಾಲು, ಸೋಮವಾರ ರಾತ್ರಿ

ಪ್ರೀತಿಯ ಗಣೇಶ,

ಮೊನ್ನೆ ಫೋನಿನಲ್ಲಿ ಮಗುವನ್ನು ದತ್ತು ಪಡೆಯುವ ಬಗ್ಗೆ ನೀನು ಕೇಳಿದ್ದಕ್ಕೆ "ನೋಡುವ ಮಾರಾಯ" ಎಂದು ಜಾರಿಕೊಂಡೆ. ನಿಮ್ಮಿಬ್ಬರ ವಯಸ್ಸು ಕೂಡಿಸಿದರೆ 94. ದತ್ತು ನಿಯಮದಲ್ಲಿ ಒಟ್ಟು ವಯಸ್ಸು 90 ದಾಟಿದ ದಂಪತಿಗೆ ನಾಲ್ಕು ವರ್ಷದೊಳಗಿನ ಮಗು ಸಿಗುವುದಿಲ್ಲ. "ಐದಾರು ವರ್ಷದ ಮಗು ನಮ್ಮನ್ನು ಒಪ್ಪುತ್ತದಾ? ಏನಾದರೂ ವಿಚಿತ್ರ ಸ್ವಭಾವ ಇದ್ದರೆ?" ಎಂದೆಯಲ್ಲ, ಅದು ತಲೆಯಲ್ಲೇ ಕೂತಿತ್ತು. ನಿನ್ನೆ ಮಳೆ, ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಸುಮ್ನೆ ಕೂತು 2007ರ ಇಂಗ್ಲಿಷ್ ಸಿನಿಮಾ 'ಮಾರ್ಷಿಯನ್ ಚೈಲ್ಡ್' ನೋಡಿದೆ.

ಅದರಲ್ಲಿ ಡೆನಿಸ್ ಅಂತ ಒಬ್ಬ ಹುಡುಗ. ಮಕ್ಕಳ ಆಶ್ರಯಧಾಮದಲ್ಲಿ ರಟ್ಟಿನ ಪೆಟ್ಟಿಗೆಯೊಳಗೇ ಕೂತಿರುತ್ತಾನೆ. ತಾನು ಮಂಗಳ ಗ್ರಹದವನಂತೆ, ಬಿಸಿಲು ಆಗುವುದಿಲ್ಲವಂತೆ. ಗಾಳಿಯಲ್ಲಿ ತೇಲಿಹೋಗದಿರಲು ಸೊಂಟಕ್ಕೆ ಭಾರದ ಬೆಲ್ಟ್ ಬೇರೆ. ನೀನು ವಿಜ್ಞಾನ ಮೇಷ್ಟ್ರು, ನಗಬೇಡ. ಮಂಗಳದ ಗುರುತ್ವ ನಮ್ಮದರ ಶೇ. 38 ಮಾತ್ರ, ಅಲ್ಲಿಂದ ಬಂದವನಿಗೆ ಇಲ್ಲಿ ಮೈ ಭಾರವಾಗಬೇಕು, ತೇಲುವುದೆಲ್ಲಿಂದ! ಆದರೆ ಕೈಬಿಟ್ಟುಹೋದ ಮಗುವಿನ ಲೆಕ್ಕ ಬೇರೆ. ಯಾರೂ ಹಿಡಿದುಕೊಂಡಿಲ್ಲ ಎಂದರೆ ತಾನೇ ಏನಾದರೂ ಕಟ್ಟಿಕೊಳ್ಳಬೇಕಲ್ಲ.

ಸಾಕಲು ಬರುವವನು ಹೆಂಡತಿ ತೀರಿಹೋದ ಲೇಖಕ, ಜಾನ್ ಕ್ಯುಸಾಕ್ ಮಾಡಿದ್ದಾರೆ. (ಮೂಲ ಕತೆ ಬರೆದ ಡೇವಿಡ್ ಜೆರಾಲ್ಡ್ ಸಲಿಂಗಿ, ಒಬ್ಬರೇ ಮಗನನ್ನು ದತ್ತು ಪಡೆದವರು. ಸಿನಿಮಾದವರು ಅದನ್ನು ಬದಲಿಸಿದ್ದು ನನಗೆ ಹಿಡಿಸಲಿಲ್ಲ.) ಅವನು ಹುಡುಗನನ್ನು ಪೆಟ್ಟಿಗೆಯಿಂದ ಎಳೆಯುವುದಿಲ್ಲ. ಬಿಸಿಲು ಆಗುವುದಿಲ್ಲ ಅಂತಾನಲ್ಲ, ಸರಿ, ಕೂಲಿಂಗ್ ಗ್ಲಾಸ್ ಕೊಡುತ್ತಾನೆ. ಕೊನೆಯ ಭಾಗ ಸ್ವಲ್ಪ ಎಳೆದಿದ್ದಾರೆ. ಈ ಕನ್ನಡಕದ ಹತ್ತಿರ ಮಾತ್ರ ನನಗೆ ಪೆರ್ಲದ ಚಿಕ್ಕಮ್ಮ ನೆನಪಾದರು.

ಚಿಕ್ಕಮ್ಮ ದತ್ತು ಪಡೆದ ಹುಡುಗ ಪುಟ್ಟ. ಅವರ ಮನೆಗೆ ಬಂದಾಗ ಅವನಿಗೆ ಆರು ವರ್ಷ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ತಿನ್ನಲು ಕೊಟ್ಟದ್ದರಲ್ಲಿ ಅರ್ಧ ತಲೆದಿಂಬಿನಡಿ ಸೇರುತ್ತಿತ್ತು. ಒಂದು ದಿನ ಅಲ್ಲಿ ಗೋಳಿಬಜೆ ಸಿಕ್ಕಿತು, ಹಾಸಿಗೆ ತುಂಬ ಇರುವೆ. "ಇದೆಂತ ಕಳ್ಳಬುದ್ಧಿ" ಎಂದರು ಅಜ್ಜಿ. ಚಿಕ್ಕಮ್ಮ ಬೈಯಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಹೊದಿಕೆ ಕೊಡವಿ, ಮುಚ್ಚಳ ಬಿಗಿಯಾದ ಒಂದು ಸ್ಟೀಲ್ ಡಬ್ಬ ತಂದು ದಿಂಬಿನ ಪಕ್ಕ ಇಟ್ಟರು. "ಇದು ನಿನ್ನದು. ಇದರಲ್ಲಿಟ್ಟರೆ ಇರುವೆ ಬರುವುದಿಲ್ಲ." ದಿನಾ ರಾತ್ರಿ ಅದರಲ್ಲಿ ಕಾಯಿಸಿದ ಹಲಸಿನ ಹಪ್ಪಳ ನಾಲ್ಕು. ಹುಡುಗ ಮಲಗುವ ಮೊದಲು ಮುಚ್ಚಳ ತೆಗೆದು ಎಣಿಸುತ್ತಿದ್ದ. ಬೆಳಗ್ಗೆ ಎದ್ದು ಇನ್ನೊಮ್ಮೆ.

ಒಂದು ವರ್ಷ ಹೀಗೇ ನಡೆಯಿತು. ಮುಂದಿನ ಆಟಿ ತಿಂಗಳ ಮಳೆಗಾಲದಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಚಿಕ್ಕಮ್ಮ ಡಬ್ಬ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಮುಚ್ಚಳ ಸರಿ ಹಾಕಿರಲಿಲ್ಲ. ಹಪ್ಪಳ ನಾಲ್ಕೂ ಹಾಗೇ ಇದ್ದವು, ಮಳೆಯ ಥಂಡಿಗೆ ಮೆತ್ತಗಾಗಿ ಮಡಚಿದರೂ ಮುರಿಯುತ್ತಿರಲಿಲ್ಲ. "ನೋಡು, ಮೂರು ದಿನ ಆಯ್ತು, ಮುಟ್ಟಲೇ ಇಲ್ಲ ಅವ" ಎಂದರು. ನಗುತ್ತಲೇ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಬರುವ ಶನಿವಾರ ಇಬ್ಬರೂ ಬನ್ನಿ. ಪೆರ್ಲಕ್ಕೆ ಹೋಗಿ ಬರುವ. ಹಪ್ಪಳ ಕಾಯಿಸಿಡಲು ಹೇಳುತ್ತೇನೆ.

ನಿನ್ನ,
ಶಂಕರ