ದಾರ್ ಎಸ್ ಸಲಾಮ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕೊನೆಗೂ ನಿನ್ನ ಆರ್ಡರ್ ಬಂತಲ್ಲ, ತುಂಬಾ ಖುಷಿಯಾಯಿತು. ಮನೆ ಬಾಡಿಗೆ, ಊಟ, ಮಲೇರಿಯಾ ಇದೆಲ್ಲ ಫೋನಿನಲ್ಲೇ ಮಾತಾಡೋಣ. ಈ ಪತ್ರ ಬರೆಯುತ್ತಿರುವುದು ಮೊನ್ನೆ ನೀನು ಹೇಳಿದ ಒಂದು ಮಾತಿಗೆ. "ತಾಂಜಾನಿಯಾದಲ್ಲಿ ಜೂಲಿಯಸ್ ನೈರೆರೆ ಅಂತ ಮೊದಲ ಅಧ್ಯಕ್ಷರೊಬ್ಬರಿದ್ದರಂತೆ, ಸಮಾಜವಾದ ಅಂದುಕೊಂಡು ದೇಶವನ್ನೇ ಬಡತನಕ್ಕೆ ದೂಡಿದರಂತೆ" ಅಂದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಅಷ್ಟನ್ನೇ ತಲೆಯಲ್ಲಿಟ್ಟುಕೊಂಡು ಹೋದರೆ ಆ ದೇಶ ನಿನಗೆ ಅರ್ಥವಾಗುವುದಿಲ್ಲ. ನೀನು ಕಾಲಿಡುವ ಪ್ರತಿ ಸರ್ಕಾರಿ ಕಚೇರಿಯಲ್ಲೂ ಅವರ ಫೋಟೋ ಇರುತ್ತದೆ. ಅವರನ್ನು ದೂರುವವರೂ ಮ್ವಾಲಿಮು, ಅಂದರೆ ಮೇಷ್ಟ್ರು ಎಂದೇ ಕರೆಯುತ್ತಾರೆ.

ನಿಜಕ್ಕೂ ಮೇಷ್ಟ್ರೇ ಆಗಿದ್ದವರು. ಹುಟ್ಟಿದ್ದು 1922ರಲ್ಲಿ, ವಿಕ್ಟೋರಿಯಾ ಸರೋವರದ ಪೂರ್ವಕ್ಕಿರುವ ಬುಟಿಯಾಮಾ ಎಂಬ ಹಳ್ಳಿಯಲ್ಲಿ. ಅಪ್ಪ ಝನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖ್ಯಸ್ಥ. ಅವರ 22 ಹೆಂಡತಿಯರಲ್ಲಿ ಐದನೆಯವರು ಇವರ ತಾಯಿ. ಹುಡುಗ ಶಾಲೆಗೆ ಸೇರಿದ್ದೇ ಹನ್ನೆರಡನೇ ವಯಸ್ಸಿನಲ್ಲಿ. ಅಲ್ಲಿಂದ ಉಗಾಂಡಾದ ಮಕೆರೆರೆ, ಆಮೇಲೆ ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ವಿಶ್ವವಿದ್ಯಾಲಯ. 1952ರಲ್ಲಿ ಊರಿಗೆ ಮರಳಿ, ದಾರ್ ಹತ್ತಿರದ ಪುಗು ಎಂಬಲ್ಲಿ ಪಾಠ ಹೇಳುತ್ತಿದ್ದರು. 1954ರ ಜುಲೈ 7ರಂದು ಗೆಳೆಯರ ಜೊತೆ ಸೇರಿ ‘ತಾನು’ (TANU) ಎಂಬ ಪಕ್ಷ ಕಟ್ಟಿದರು. ರಾಜಕೀಯವೋ ನೌಕರಿಯೋ ಎಂಬ ಪ್ರಶ್ನೆ ಬಂದಾಗ ನೌಕರಿ ಬಿಟ್ಟರು. ಏಳೇ ವರ್ಷದಲ್ಲಿ, 1961ರ ಡಿಸೆಂಬರ್ 9ಕ್ಕೆ, ಬ್ರಿಟಿಷರ ಕೈಯಲ್ಲಿದ್ದ, ಆಗ ಟಾಂಗನ್ಯೀಕಾ ಎನ್ನುತ್ತಿದ್ದ ಆ ದೇಶ ಯುದ್ಧವಿಲ್ಲದೆ ಸ್ವತಂತ್ರವಾಯಿತು. 1964ರಲ್ಲಿ ಪಕ್ಕದ ದ್ವೀಪ ಜಂಜಿಬಾರ್ ಜೊತೆಗೂಡಿ ತಾಂಜಾನಿಯಾ ಆಯಿತು.

ಸ್ವಾತಂತ್ರ್ಯಕ್ಕೆ ಎರಡು ತಿಂಗಳ ಮುಂಚೆ ನಡೆದದ್ದು ನಿನಗೆ ಗೊತ್ತಿರಲೇಬೇಕು, ಯಾಕೆಂದರೆ ಅದು ನಮ್ಮಂಥವರ ವಿಷಯ. ಪೌರತ್ವದ ಮಸೂದೆ ಶಾಸನಸಭೆಗೆ ಬಂದಿತ್ತು. ಪೌರತ್ವ ಕರಿಯರಿಗೆ ಮಾತ್ರ ಇರಲಿ, ಭಾರತೀಯರಿಗೆ ಬಿಳಿಯರಿಗೆ ಯಾಕೆ ಎಂದು ಅವರದೇ ಪಕ್ಷದ ಕೆಲವರು ಎದ್ದು ನಿಂತರು. ಜನರ ಚಪ್ಪಾಳೆ ಸಿಗುವಂಥ ಮಾತು ಅದು. ಮೈಬಣ್ಣ ನೋಡಿ ಪೌರತ್ವ ಕೊಡುವುದಾದರೆ ನಾನೂ ಇರುವುದಿಲ್ಲ, ನನ್ನ ಸರ್ಕಾರವೂ ಇರುವುದಿಲ್ಲ ಎಂದು ನೈರೆರೆ ಪಟ್ಟು ಹಿಡಿದರು. ಗೆದ್ದರು. ಮುಂದೆ ಅಮೀರ್ ಜಮಾಲ್ ಎಂಬ ಭಾರತೀಯ ಮೂಲದವರು ಅಲ್ಲಿ ಎಷ್ಟೋ ವರ್ಷ ಹಣಕಾಸು ಸಚಿವರಾಗಿದ್ದರು. ಪಕ್ಕದ ಉಗಾಂಡಾದಲ್ಲಿ 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ನಮ್ಮವರನ್ನು ಹೇಗೆ ಓಡಿಸಿದ ಅನ್ನೋದನ್ನು ನೆನಪಿಸಿಕೋ, ಆಗ ಇದರ ತೂಕ ಗೊತ್ತಾಗುತ್ತದೆ.

ನನ್ನನ್ನು ಜಾಸ್ತಿ ಕಾಡಿರುವುದು 1966ರ ಪ್ರಸಂಗ. ಓದು ಮುಗಿಸಿದ ವಿದ್ಯಾರ್ಥಿಗಳೆಲ್ಲ ಕಡ್ಡಾಯವಾಗಿ ರಾಷ್ಟ್ರೀಯ ಸೇವೆ ಮಾಡಬೇಕು, ಆ ಅವಧಿಯಲ್ಲಿ ಸಂಬಳದ ದೊಡ್ಡ ಪಾಲು ಬಿಟ್ಟುಕೊಡಬೇಕು ಎಂದು ಸರ್ಕಾರ ಹೇಳಿತು. ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳು ಗೌನು ತೊಟ್ಟು ಅಧ್ಯಕ್ಷರ ನಿವಾಸಕ್ಕೆ ಮೆರವಣಿಗೆ ಬಂದರು. ಬ್ರಿಟಿಷರ ಕಾಲವೇ ವಾಸಿ ಅನ್ನುವ ಅರ್ಥದ ಫಲಕಗಳೂ ಇದ್ದವು. ಮಂತ್ರಿಗಳು ದೊಡ್ಡ ದೊಡ್ಡ ಸಂಬಳ ಎಣಿಸುತ್ತಾ ನಮಗೆ ಮಾತ್ರ ತ್ಯಾಗದ ಪಾಠ ಹೇಳ್ತೀರಾ ಎಂಬುದು ಅವರ ವಾದ. ನೈರೆರೆಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಸಿಟ್ಟಿನಲ್ಲಿ ಅವರು ಒಪ್ಪಿಕೊಂಡಿದ್ದು ವಿದ್ಯಾರ್ಥಿಗಳ ಮಾತನ್ನೇ. ಹೌದು, ನಮ್ಮ ಸಂಬಳ ಜಾಸ್ತಿ, ನನ್ನದೂ ಜಾಸ್ತಿ ಎಂದು ಅಲ್ಲೇ ನಿಂತು ತಮ್ಮ ಸಂಬಳದಲ್ಲಿ ಶೇ 20 ಕಡಿತ ಮಾಡಿಕೊಂಡರು. ಅದರ ಜೊತೆಗೇ ಸುಮಾರು 400 ವಿದ್ಯಾರ್ಥಿಗಳನ್ನು ಕಾಲೇಜಿನಿಂದ ಹೊರಹಾಕಿ ಊರಿಗೆ ಕಳಿಸಿಬಿಟ್ಟರು.

ಇಡೀ ಮನುಷ್ಯ ಈ ಒಂದು ಪ್ರಸಂಗದಲ್ಲಿ ಇದ್ದಾರೆ ಅಂತ ನನಗನ್ನಿಸುತ್ತದೆ. ನಿಯಮವನ್ನು ಮೊದಲು ತನಗೆ ಹಾಕಿಕೊಳ್ಳುವವರು. ಎದುರು ಮಾತಾಡಿದವರನ್ನು ಕ್ಲಾಸಿನಿಂದ ಆಚೆ ಕಳಿಸುವವರೂ ಅವರೇ.

ಮೂರು ತಿಂಗಳ ನಂತರ, 1967ರ ಫೆಬ್ರವರಿ 5ರಂದು, ಸಮಾಜವಾದ ಮತ್ತು ಸ್ವಾವಲಂಬನೆಯೇ ನಮ್ಮ ದಾರಿ ಎಂದು ಅವರ ಪಕ್ಷ ಸಾರಿದ ಅರುಷಾ ಘೋಷಣೆ ಹೊರಬಂತು. ಅವರು ಬರೆದದ್ದರಲ್ಲಿ ನೀನು ಒಂದನ್ನೇ ಓದುವುದಾದರೆ ಇದನ್ನು ಓದು. ದಪ್ಪ ಪುಸ್ತಕವಲ್ಲ, ಒಂದು ಸಂಜೆಗೆ ಮುಗಿಯುತ್ತದೆ. ನಮ್ಮ ಹತ್ತಿರ ದುಡ್ಡಿಲ್ಲ, ದುಡ್ಡಿನಿಂದಲೇ ಅಭಿವೃದ್ಧಿ ಆಗುತ್ತದೆ ಎಂದು ಕೂತರೆ ಸಾಲ ಕೊಟ್ಟವನ ಮಾತು ಕೇಳಬೇಕಾಗುತ್ತದೆ, ನಮಗಿರುವುದು ಜನ ಮತ್ತು ಭೂಮಿ, ಅದರಿಂದಲೇ ಶುರು ಮಾಡೋಣ ಅನ್ನುವುದು ಅದರ ತಿರುಳು. ಪೇಟೆಯವರು ತಿನ್ನುವ ಸಾಲವನ್ನು ತೀರಿಸುವವನು ರೈತ ಎಂದು ನೇರವಾಗಿ ಬರೆದಿದ್ದಾರೆ. ಕೊನೆಯ ಭಾಗದಲ್ಲಿ ನಾಯಕರಿಗೆ ಕಟ್ಟಳೆ ಇದೆ. ಪಕ್ಷದ, ಸರ್ಕಾರದ ನಾಯಕರು ಯಾವ ಕಂಪನಿಯಲ್ಲೂ ಷೇರು ಇಟ್ಟುಕೊಳ್ಳುವಂತಿಲ್ಲ, ಎರಡು ಸಂಬಳ ತೆಗೆದುಕೊಳ್ಳುವಂತಿಲ್ಲ, ಮನೆ ಬಾಡಿಗೆಗೆ ಕೊಡುವಂತಿಲ್ಲ. ಅಧಿಕಾರದಲ್ಲಿರುವ ಪಕ್ಷವೊಂದು ತನ್ನ ಜನಕ್ಕೆ ತಾನೇ ಇಂಥ ಕಟ್ಟು ಹಾಕಿಕೊಂಡದ್ದು ಎಷ್ಟು ಕಡೆ ಇದೆ ಹೇಳು?

ಇನ್ನು ನೀನು ಹೇಳಿದ ಅರ್ಧಕ್ಕೆ ಬರುತ್ತೇನೆ. ಉಜಾಮಾ, ಅಂದರೆ ಒಂದೇ ಕುಟುಂಬದಂತೆ ಬಾಳುವ ಹಳ್ಳಿಗಳು. ಚದುರಿದ ರೈತರು ಒಂದೆಡೆ ಕೂಡಿ ಬಾಳಿದರೆ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಕೊಡುವುದು ಸುಲಭ, ದುಡಿಮೆಯನ್ನೂ ಹಂಚಿಕೊಳ್ಳಬಹುದು ಎಂಬ ಯೋಚನೆ. ಯಾರನ್ನೂ ಬಲವಂತ ಮಾಡಬಾರದು ಎಂದು ಮೊದಮೊದಲು ಬರೆದವರೂ ಅವರೇ. ಜನ ನಿಧಾನ ಮಾಡಿದರು. 1973ರ ಕೊನೆಗೆ ಅದು ಆಜ್ಞೆಯಾಯಿತು. ಮುಂದಿನ ಎರಡು ಮೂರು ವರ್ಷ ಅಧಿಕಾರಿಗಳು ಲಾರಿ ತಂದು ಜನರನ್ನು ಸಾಗಿಸಿದರು, ಮತ್ತೆ ಹಿಂದಕ್ಕೆ ಹೋಗದಿರಲಿ ಎಂದು ಕೆಲವು ಕಡೆ ಹಳೆಯ ಮನೆಗಳಿಗೆ ಬೆಂಕಿಯನ್ನೂ ಇಟ್ಟರು. ತಲೆಮಾರುಗಳಿಂದ ಮಣ್ಣಿನ ಗುಣ ಬಲ್ಲ ರೈತನನ್ನು ಗೊತ್ತಿಲ್ಲದ ಮಣ್ಣಿನ ಮೇಲೆ ತಂದು ನಿಲ್ಲಿಸಿದರೆ ಬೆಳೆ ಹೇಗೆ ಬಂದೀತು? ಅದೇ ಹೊತ್ತಿಗೆ ಬರಗಾಲವೂ ಬಿತ್ತು. ಸ್ವಾವಲಂಬನೆ ಅಂದ ದೇಶ ಹೊರಗಿನಿಂದ ಧಾನ್ಯ ತರಿಸಬೇಕಾಯಿತು. ಕಚ್ಚಾ ತೈಲದ ಬೆಲೆ ಏರಿತು, 1978-79ರಲ್ಲಿ ಇದಿ ಅಮೀನನ ಮೇಲಿನ ಯುದ್ಧದ ಖರ್ಚು ಬಂತು ಅನ್ನೋದೆಲ್ಲ ಸರಿ. ಆದರೆ ಮನೆ ಸುಟ್ಟದ್ದಕ್ಕೆ ಅದ್ಯಾವುದೂ ಕಾರಣವಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ.

ವಿಚಾರಣೆಯಿಲ್ಲದೆ ಜನರನ್ನು ಬಂಧಿಸುವ ಕಾನೂನು 1962ರಲ್ಲೇ ತಂದರು, 1965ಕ್ಕೆ ಒಂದೇ ಪಕ್ಷ ಉಳಿಯಿತು. ದಾರ್ ನಡುಮಧ್ಯೆ ಬೀಬಿ ಟೀಟಿ ಮೊಹಮ್ಮದ್ ಎಂಬ ದೊಡ್ಡ ರಸ್ತೆಯಲ್ಲಿ ನೀನು ದಿನವೂ ಓಡಾಡಬೇಕಾಗಬಹುದು. ಆಕೆ ಹಾಡುಗಾರ್ತಿ. ಸ್ವಾತಂತ್ರ್ಯದ ಚಳವಳಿಗೆ ಸಾವಿರಾರು ಹೆಂಗಸರನ್ನು ಸೇರಿಸಿಕೊಟ್ಟವರು, ನೈರೆರೆ ಜೊತೆ ಒಂದೇ ವೇದಿಕೆಯಲ್ಲಿ ನಿಂತವರು. ಸರ್ಕಾರ ಉರುಳಿಸುವ ಸಂಚಿನ ಮೊಕದ್ದಮೆಯಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 1972ರಲ್ಲಿ ಬಿಡುಗಡೆ ಸಿಕ್ಕಿತು. ಆಮೇಲೆ ಎಷ್ಟೋ ವರ್ಷ ಯಾರೂ ಆಕೆಯ ಹೆಸರೆತ್ತಲಿಲ್ಲ.

ನಮ್ಮವರ ಅಂಗಡಿಗಳಿಗೆ ಹೋದರೆ 1971ರ ಮಾತು ಖಂಡಿತ ಕೇಳುತ್ತೀಯ. ಒಂದು ಲಕ್ಷ ಶಿಲ್ಲಿಂಗ್‌ಗಿಂತ ಹೆಚ್ಚು ಬೆಲೆಯ ಬಾಡಿಗೆ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಕಾಗದದ ಮೇಲೆ ಯಾವ ಜನಾಂಗದ ಹೆಸರೂ ಇರಲಿಲ್ಲ, ಆದರೆ ಕಳೆದುಕೊಂಡವರು ಹೆಚ್ಚಾಗಿ ಗುಜರಾತಿ ಕುಟುಂಬಗಳು. ಎಷ್ಟೋ ಜನ ಕೆನಡಾ, ಇಂಗ್ಲೆಂಡ್ ಕಡೆ ಹೊರಟುಹೋದರು. ಅವರ ನೋವನ್ನು ಸುಮ್ಮನೆ ಕೇಳಿಸಿಕೋ, ವಾದಕ್ಕೆ ಇಳಿಯಬೇಡ.

ಇಷ್ಟೆಲ್ಲ ಇದ್ದೂ ನಾನು ಯಾಕೆ ಆ ಮನುಷ್ಯನನ್ನು ಇಷ್ಟಪಡುತ್ತೇನೆ? ಆ ದೇಶದಲ್ಲಿ 120ಕ್ಕೂ ಹೆಚ್ಚು ಬುಡಕಟ್ಟುಗಳಿವೆ. ಸುತ್ತಲಿನ ರುವಾಂಡಾ, ಬುರುಂಡಿ, ಕೀನ್ಯಾ, ಕಾಂಗೋ ನೋಡು, ಬುಡಕಟ್ಟಿನ ಹೆಸರಲ್ಲಿ ಎಷ್ಟು ರಕ್ತ ಹರಿದಿದೆ. ತಾಂಜಾನಿಯಾದಲ್ಲಿ ಹಾಗಾಗಲಿಲ್ಲ. ಅದು ತಾನಾಗಿ ಆದದ್ದಲ್ಲ. ನೈರೆರೆ ತಮ್ಮ ಝನಾಕಿಗಳನ್ನು ತಲೆಮೇಲೆ ಕೂರಿಸಲಿಲ್ಲ. ಹೈಸ್ಕೂಲು ಮಕ್ಕಳನ್ನು ದೂರದ ಜಿಲ್ಲೆಗಳ ಹಾಸ್ಟೆಲ್‌ಗಳಿಗೆ ಕಳಿಸಿದರು, ಬೇರೆ ಬುಡಕಟ್ಟಿನ ಹುಡುಗನ ಪಕ್ಕ ಮಲಗಿ ಎದ್ದು ಬೆಳೆದವರು ಅವರು. ಪ್ರಾಥಮಿಕ ಶಾಲೆಯಿಂದ ಸಂಸತ್ತಿನವರೆಗೆ ಸ್ವಾಹಿಲಿ ಬಳಸಿದರು. ಅಧ್ಯಕ್ಷರಾಗಿದ್ದುಕೊಂಡೇ ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ಸ್ವಾಹಿಲಿಗೆ ತಂದರು, 1963ರಲ್ಲಿ ಅದು ಅಚ್ಚಾಯಿತು. ಇಷ್ಟು ಮಾಡಿದವರು ಹೈಸ್ಕೂಲಿನಲ್ಲಿ ಮಾತ್ರ ಇಂಗ್ಲಿಷನ್ನೇ ಉಳಿಸಿದರು. ಸ್ವಾಹಿಲಿಗೆ ಬದಲಾಯಿಸಿ ಎಂದು ಸಮಿತಿ ಶಿಫಾರಸು ಮಾಡಿದರೂ ಒಪ್ಪಲಿಲ್ಲ. ಅದು ನನಗೆ ಇವತ್ತಿಗೂ ಬೇಸರ. ನಮ್ಮ ಕನ್ನಡ ಮಾಧ್ಯಮದ ಜಗಳವೇ ಅಲ್ಲೂ ನಡೆಯುತ್ತಿದೆ, ನಿನಗೆ ಬೇಗ ಅರ್ಥವಾಗುತ್ತದೆ.

ಮತ್ತೆ ಅವರು ಕುರ್ಚಿ ಬಿಟ್ಟರು. ಯಾರೂ ಇಳಿಸಲಿಲ್ಲ, 1985ರಲ್ಲಿ ತಾವಾಗಿಯೇ ಇಳಿದು ಬುಟಿಯಾಮಾಕ್ಕೆ ಹೋಗಿ ಹೊಲ ನೋಡಿಕೊಂಡರು. ಒಂದೇ ಪಕ್ಷದ ವ್ಯವಸ್ಥೆ ತಂದವರೇ ಆಮೇಲೆ ಬೇರೆ ಪಕ್ಷಗಳೂ ಬರಲಿ ಎಂದರು, 1992ರಲ್ಲಿ ಕಾನೂನು ಬದಲಾಯಿತು. ಬಡ ದೇಶಗಳ ಪರವಾಗಿ ಕೆಲಸ ಮಾಡಿದ ಸೌತ್ ಕಮಿಷನ್‌ಗೆ ಇವರು ಅಧ್ಯಕ್ಷರಾಗಿದ್ದಾಗ ಪ್ರಧಾನ ಕಾರ್ಯದರ್ಶಿ ಯಾರು ಗೊತ್ತಾ, ನಮ್ಮ ಮನಮೋಹನ್ ಸಿಂಗ್. ಭಾರತ ಸರ್ಕಾರ 1995ರಲ್ಲಿ ಗಾಂಧಿ ಶಾಂತಿ ಪ್ರಶಸ್ತಿ ಶುರು ಮಾಡಿದಾಗ ಮೊಟ್ಟಮೊದಲು ಕೊಟ್ಟದ್ದು ನೈರೆರೆಗೇ. 1999ರ ಅಕ್ಟೋಬರ್ 14ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಪ್ರತಿ ವರ್ಷ ಆ ದಿನ ಅಲ್ಲಿ ರಜೆ ಇರುತ್ತದೆ.

ಹೋದಮೇಲೆ ಒಂದು ಕೆಲಸ ಮಾಡು. ಪೇಟೆಯ ಮಾತಷ್ಟನ್ನೇ ನಂಬಬೇಡ. ದೇಶದ ನಡುಭಾಗದ ಡೊಡೊಮಾ ಕಡೆ ಹೋಗುವ ಅವಕಾಶ ಸಿಕ್ಕರೆ ಎಪ್ಪತ್ತು ದಾಟಿದವರನ್ನು ಹುಡುಕಿ, ಹಳ್ಳಿ ಬದಲಾದ ವರ್ಷಗಳ ಬಗ್ಗೆ ಕೇಳು. ಅವರು ಏನು ಹೇಳಿದರು ಅಂತ ನನಗೆ ಬರೆ. ಅರುಷಾ ಘೋಷಣೆಯ ಸ್ವಾಹಿಲಿ ಪ್ರತಿ ಹಳೆಯ ಪುಸ್ತಕದಂಗಡಿಯಲ್ಲಿ ಕಂಡರೆ ನನಗೂ ಒಂದು ತೆಗೆದಿಡು, ದುಡ್ಡು ಆಮೇಲೆ ಕೊಡುತ್ತೇನೆ.

ಇಂತಿ ನಿನ್ನ ಗೆಳೆಯ