ಸುರಂಗಕ್ಕೆ ಕೋಟಿ, ಚರಂಡಿಗೆ ಚಿಲ್ಲರೆ

ಗುಂಪಿನ ಸದಸ್ಯರ ಗಮನಕ್ಕೆ. ಬೆಂಗಳೂರಿನ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ ಸುಮಾರು 17 ಕಿ.ಮೀ., ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿ ಮೇಲೆ. ಪ್ರಶ್ನಿಸಬೇಕಿದ್ದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಬಜೆಟ್.

ನಮ್ಮ ಬೀದಿಗಳಿಗೆ ಬಂದರೆ ವೈಟ್ ಟಾಪಿಂಗ್, ಅಂದರೆ ಡಾಂಬರು ರಸ್ತೆ ಮೇಲೆ ಕಾಂಕ್ರೀಟ್ ಪದರ. ಹಳೇ ಡಾಂಬರು ಕೆರೆಯದೆ ಅರ್ಧ ಅಡಿ ಕಾಂಕ್ರೀಟ್ ಹಾಕಿದರೆ ರಸ್ತೆ ಹೊಸ್ತಿಲಿಗಿಂತ ಮೇಲೇರುತ್ತೆ, ಮಳೆನೀರು ಮನೆಯೊಳಗೇ. ಚರಂಡಿಗೆ ನೀರಿಳಿಯುವ ತೂತಿಗೂ ಸಿಮೆಂಟ್ ಮೆತ್ತಿರುತ್ತಾರೆ, ಬಗ್ಗಿ ನೋಡಿ.

ಮಾಹಿತಿ ಹಕ್ಕಿನಡಿ ನಿಮ್ಮ ಬೀದಿಯ ರಸ್ತೆ, ಚರಂಡಿ ಕೆಲಸದ ಅಂದಾಜುಪಟ್ಟಿ, ಅಳತೆ ಪುಸ್ತಕ (ಮಾಡಿದ ಕೆಲಸದ ಅಳತೆ ಬರೆದಿಡುವ ದಾಖಲೆ), ಬಿಲ್ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೀರಿದರೆ ಅರ್ಜಿ ತಿರಸ್ಕರಿಸಲು ಅದೇ ನೆಪ. ಉತ್ತರಕ್ಕೆ ಗಡುವು 30 ದಿನ. ಅಂದಾಜಿನಲ್ಲಿ ಹೂಳೆತ್ತುವುದಿದ್ದು, ಅಳತೆ ಪುಸ್ತಕದಲ್ಲಿ ಉದ್ದ-ಅಗಲ-ಆಳ ಇಲ್ಲದಿದ್ದರೆ ಆ ಪುಟದ ಫೋಟೋ ಇಲ್ಲಿ ಹಾಕಿ.