ಹಿತ್ತಲ ಪಾಮ್ ಹೂ ಬಿಟ್ಟಿತು

ರೆಡಿಂಗ್, ಇಂಗ್ಲೆಂಡ್
ಜೂನ್ 1, 2025

ಪ್ರೀತಿಯ ಗೆಳೆಯಾ,

ಮೊನ್ನೆ ಕಳಿಸಿದ ಫೋಟೋ ನೋಡಿ ನೀನು ಕೇಳಿದ್ದು ಒಂದೇ ಮಾತು: "ಇದು ಸಿಂಗಾರ ಅಲ್ವಾ ಮಾರಾಯಾ?" ಹೌದು, ಅಡಿಕೆಯ ಹೂಗೊಂಚಲಿನಂಥ ಸಿಂಗಾರವೇ. ಆರು ವರ್ಷದ ಹಿಂದೆ ನೆಟ್ಟ ಗಿಡ ಈ ಮೇ ತಿಂಗಳಲ್ಲಿ ಮೊದಲ ಸಲ ಹೂ ಬಿಟ್ಟಿತು. ನವಣೆ ತೆನೆಗಳನ್ನು ಗೊಂಚಲು ಕಟ್ಟಿ ಎಲೆಗಳ ನಡುವೆ ಇಳಿಬಿಟ್ಟ ಹಾಗಿದೆ. ಗಟ್ಟಿ ಹಳದಿ ಬಣ್ಣ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಬುಡದಲ್ಲಿ ನಿಂತರೆ ಒಳಗೆ ಬರಲು ಮನಸ್ಸೇ ಆಗುವುದಿಲ್ಲ.

"ಹಿಮ ಬೀಳುವ ಊರಲ್ಲಿ ಅಡಿಕೆ ಜಾತಿಯ ಮರ ಹೇಗೆ ಬದುಕುತ್ತೆ, ಸರಿಯಾಗಿ ಬರೆದು ತಿಳಿಸು" ಅಂದಿದ್ದೆಯಲ್ಲ, ಅದಕ್ಕೇ ಇವತ್ತು ಕೂತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅಲ್ಲದೆ ಈ ಮರ ಇವತ್ತು ನಿಂತಿದೆ ಅಂದರೆ ಅದರಲ್ಲಿ ನಿನ್ನ ಪಾಲೂ ಇದೆ.

ಮೊದಲು ಮರದ ಪರಿಚಯ ಮಾಡಿಕೊಡುತ್ತೇನೆ. ಇಲ್ಲಿಯವರು ಇದನ್ನು ಚುಸಾನ್ ಪಾಮ್ ಅನ್ನುತ್ತಾರೆ. ಪುಸ್ತಕದ ಹೆಸರು ಟ್ರಾಕಿಕಾರ್ಪಸ್ ಫಾರ್ಚುನಿ. ನಮ್ಮ ಅಡಿಕೆ, ತೆಂಗು, ಬೈನೆ, ಈಚಲು ಎಲ್ಲ ಇರುವ ಕುಟುಂಬವೇ. ಎಲೆ ಮಾತ್ರ ಅಡಿಕೆ ಸೋಗೆಯಂತಲ್ಲ, ತಾಳೆ ಗರಿಯ ಹಾಗೆ ಬೀಸಣಿಗೆ. ಕಾಂಡ ನಮ್ಮ ಅಡಿಕೆ ಮರದಂತೆ ನುಣುಪಾಗಿಲ್ಲ. ತೆಂಗಿನ ಸುಳಿಯ ಸುತ್ತ ಜಾಲರಿಯಂಥ ನಾರು ಇರುತ್ತದಲ್ಲ, ಅಂಥ ಕಂದು ನಾರು ಬುಡದಿಂದ ತಲೆಯವರೆಗೆ ಸುತ್ತಿಕೊಂಡಿದೆ. ಮುಟ್ಟಿದರೆ ಹಳೇ ಕಂಬಳಿ ಮುಟ್ಟಿದ ಹಾಗೆ. ಚೀನಾದಲ್ಲಿ ಈ ನಾರಿಗಾಗಿಯೇ ಇದನ್ನು ಎಷ್ಟೋ ಕಾಲದಿಂದ ಬೆಳೆಸುತ್ತಾ ಬಂದಿದ್ದಾರೆ. ಹಗ್ಗ, ಪೊರಕೆ ಮಾಡುತ್ತಾರೆ. ಮಳೆಗೆ ಹೊದ್ದುಕೊಳ್ಳುವ ಹೊದಿಕೆಯನ್ನೂ ಮಾಡುತ್ತಿದ್ದರು. ಅದನ್ನು ಓದಿದಾಗ ನಮ್ಮ ಗದ್ದೆ ನಾಟಿಯ ಗೊರಬು ಕಣ್ಣ ಮುಂದೆ ಬಂತು.

ಇಂಗ್ಲೆಂಡಿನ ತೋಟಗಳಲ್ಲಿ ಇದು ಹರಡಿದ್ದು ರಾಬರ್ಟ್ ಫಾರ್ಚೂನ್ ಅನ್ನುವವನಿಂದ. ಚೀನಾದಿಂದ ಚಹಾ ಗಿಡಗಳನ್ನು ನಮ್ಮ ಹಿಮಾಲಯದ ಕಡೆಗೆ ಸಾಗಿಸಿದನಲ್ಲ, ಅವನೇ. ಚೀನಾದ ಚುಸಾನ್ ದ್ವೀಪದಲ್ಲಿ ಈ ಮರ ನೋಡಿ 1849ರಲ್ಲಿ ಗಿಡಗಳನ್ನು ಇಲ್ಲಿಗೆ ಕಳಿಸಿದ. ಅದರಲ್ಲಿ ಒಂದನ್ನು ವಿಕ್ಟೋರಿಯಾ ರಾಣಿ 1851ರ ಮೇ 24ರಂದು, ತನ್ನ 32ನೇ ಹುಟ್ಟುಹಬ್ಬದ ದಿನ, ಆಸ್ಬರ್ನ್ ಹೌಸ್ ಅನ್ನುವ ತನ್ನ ಅರಮನೆಯ ತೋಟದಲ್ಲಿ ನೆಟ್ಟಳು. ಅಲ್ಲಿಂದೀಚೆಗೆ ಈ ದೇಶದ ಹಿತ್ತಲುಗಳಲ್ಲಿ ಇದು ಬೆಳೆಯುತ್ತಲೇ ಇದೆ. ಬಲಿತ ಮರ ಮೈನಸ್ 10, ಮೈನಸ್ 12 ಡಿಗ್ರಿಯನ್ನು ತಡೆಯುತ್ತದೆ. ಕೆಲವು ಕಡೆ ಅದಕ್ಕಿಂತ ಜಾಸ್ತಿ ಚಳಿಯನ್ನೂ ತಡೆದು ಉಳಿದಿದೆ.

ಆದರೆ ಇದು ಅಡಿಕೆ ಜಾತಿಯೇ ಅನ್ನುವುದನ್ನು ಮರೆಯುವ ಹಾಗಿಲ್ಲ. ಮಾವು, ಹಲಸಿನಂತೆ ಕೊಂಬೆ ಕಡಿದರೆ ಪಕ್ಕದಲ್ಲಿ ಚಿಗುರುವುದಿಲ್ಲ. ಕಾಂಡಕ್ಕೆ ಗಾಯವಾದರೆ ಮಾಗುವುದಿಲ್ಲ. ಇರುವುದು ಒಂದೇ ಸುಳಿ, ಹೊಸ ಎಲೆ ಬರುವುದೆಲ್ಲ ಅಲ್ಲಿಂದಲೇ. ನಿನ್ನ ಅಪ್ಪಯ್ಯ ತೋಟದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು, "ಬುಡಕ್ಕೆ ಕತ್ತಿ ತಾಗಿದರೂ ಮರ ಗಾಯ ಇಟ್ಟುಕೊಂಡೇ ಬದುಕ್ತದೆ, ಸುಳಿ ಹೋದರೆ ಹೋಯ್ತು" ಅನ್ನುತ್ತಿದ್ದರಲ್ಲ, ಇಲ್ಲಿಯೂ ಅದೇ ಲೆಕ್ಕ. ನಮ್ಮ ಬೀದಿಯಲ್ಲಿ ಸುಮಾರು ಮನೆಯವರು ಪಾಮ್ ಅಂತ ನಂಬಿ ನೆಟ್ಟಿದ್ದು ಕಾರ್ಡಿಲೈನ್. ಅದು ನ್ಯೂಜಿಲೆಂಡಿನ ಗಿಡ, ಪಾಮ್ ಜಾತಿಯೇ ಅಲ್ಲ. 2022ರ ಡಿಸೆಂಬರ್ ಚಳಿಗೆ ಅವುಗಳ ತಲೆ ಕೊಳೆತು ಬಾಗಿತು. ಸತ್ತೇ ಹೋದವು ಅಂದುಕೊಂಡರೆ ಮುಂದಿನ ಬೇಸಿಗೆಗೆ ಎಷ್ಟೋ ಗಿಡ ಬುಡದಿಂದ ಚಿಗುರಿದವು. ಚುಸಾನ್ ಪಾಮ್‌ಗೆ ಆ ಭಾಗ್ಯ ಇಲ್ಲ.

ಗಿಡ ನೆಟ್ಟಿದ್ದು 2019ರ ಮೇ ತಿಂಗಳಲ್ಲಿ. ಆಗ ನನ್ನ ಎದೆಯೆತ್ತರ ಇತ್ತು. ಶರತ್ಕಾಲದಲ್ಲಿ ನರ್ಸರಿಯವರು ರಿಯಾಯಿತಿ ದರಕ್ಕೆ ಮಾರುತ್ತಾರೆ, ಆಗ ಕೊಂಡು ನೆಡಬಾರದು. ಬೇರು ಹಿಡಿಯುವ ಮೊದಲೇ ಚಳಿ ಬಂದುಬಿಡುತ್ತದೆ. ಮೇ ತಿಂಗಳಲ್ಲಿ ನೆಟ್ಟರೆ ಇಡೀ ಬೇಸಿಗೆ ಅದಕ್ಕೆ ಸಿಗುತ್ತದೆ. ಜೂನಿನಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಗಿಡ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಜಾಗ ಹುಡುಕಲು ಒಂದು ವಾರ ಹಿಡಿಯಿತು. ದೊಡ್ಡ ಗಾಳಿ ಬಡಿಯಬಾರದು, ಬಡಿದರೆ ಬೀಸಣಿಗೆ ಸೀಳಿ ಚಿಂದಿಯಾಗುತ್ತದೆ. ನೀರು ನಿಲ್ಲಬಾರದು. ನಮ್ಮ ಹಿತ್ತಲಿನದು ಜಿಗುಟು ಮಣ್ಣು, ಮಳೆ ಬಂದರೆ ಗುಂಡಿಯಲ್ಲಿ ಎರಡು ದಿನ ನೀರು ನಿಲ್ಲುತ್ತಿತ್ತು. ಆಗ ನೆನಪಾದದ್ದು ತೋಟದ ಬಸಿಗಾಲುವೆ. ಬೇಲಿಯ ಉದ್ದಕ್ಕೂ ಮೊಣಕಾಲಾಳದ ಕಾಲುವೆ ತೆಗೆದೆ, ಮಣ್ಣನ್ನು ದಿಬ್ಬ ಮಾಡಿ ಅದರ ಮೇಲೆ ಗಿಡ ಕೂರಿಸಿದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆ ನಿಂತು ಅರ್ಧ ದಿನ ನೋಡಿದರು. ಸಂಜೆ ಬಿಸಿ ಚಹಾ ಕೊಟ್ಟರು.

ಗೊಬ್ಬರ ಧಾರಾಳವಾಗಿ ಬೇಕು. ಅಡಿಕೆಯಂತೆಯೇ ಹಸಿವು ಜಾಸ್ತಿ. ಆದರೆ ಆಗಸ್ಟ್ ಕಳೆದ ಮೇಲೆ ನಾನು ಕೊಡುವುದಿಲ್ಲ. ಕೊಟ್ಟರೆ ಎಳೆಯ ಎಲೆ ಬಂದು, ಅದು ಬಲಿಯುವ ಮೊದಲೇ ಚಳಿ ಹಿಡಿಯುತ್ತದೆ. ಸೆಪ್ಟೆಂಬರಿನಿಂದ ನಿಧಾನವಾಗಿ ತಣ್ಣಗಾಗುತ್ತಾ ಹೋದರೆ ಗಿಡವೂ ನಿಧಾನವಾಗಿ ಗಟ್ಟಿಯಾಗುತ್ತದೆ. ಒಮ್ಮೆಲೇ ಬಂದೆರಗುವ ಚಳಿಯೇ ಕಷ್ಟ.

ಈಗ 2022ರ ಕಥೆಗೆ ಬರುತ್ತೇನೆ. ನಿನಗೆ ಅದರ ಅರ್ಧ ಗೊತ್ತು, ಉಳಿದರ್ಧ ಹೇಳಿರಲಿಲ್ಲ.

ಡಿಸೆಂಬರ್ ಎರಡನೇ ವಾರ ಚಳಿ ಬಂತು. 11ನೇ ತಾರೀಕು ರಾತ್ರಿ ಹಿಮ ಬಿತ್ತು. ಹಿತ್ತಲಲ್ಲಿ ಇಟ್ಟ ಥರ್ಮಾಮೀಟರ್ ಒಂದು ಬೆಳಗ್ಗೆ ಮೈನಸ್ 9 ತೋರಿಸಿತು. ನಾನು ಹೆದರಿಬಿಟ್ಟೆ. ಎಲೆಗಳನ್ನೆಲ್ಲ ಮೇಲಕ್ಕೆ ಎತ್ತಿ ಹಗ್ಗದಿಂದ ಕಟ್ಟಿದೆ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೂ ಕೆಳಗೂ ಬಿಗಿದೆ. ಮಳೆಗಾಲಕ್ಕೆ ಅಡಿಕೆ ಗೊಂಚಲು ನೆನೆಯದಂತೆ ಕೊಟ್ಟೆ ಅಂತ ಹೊದಿಕೆ ಕಟ್ಟುತ್ತೇವಲ್ಲ, ಹಾಗೇ. ಕಟ್ಟಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ತಿಂಗಳ ಮೂರನೇ ವಾರಕ್ಕೆ ಚಳಿ ಒಡೆದು ಬೆಚ್ಚಗಾಯಿತು, ಮಳೆ ಶುರುವಾಯಿತು. ಬಿಚ್ಚಬೇಕಿತ್ತು. ಮತ್ತೆ ಚಳಿ ಬಂದರೆ ಅಂತ ಹಾಗೇ ಬಿಟ್ಟೆ. ಜನವರಿ ಪೂರ್ತಿ ಬಿಟ್ಟೆ.

ಫೆಬ್ರವರಿಯಲ್ಲಿ ಪ್ಲಾಸ್ಟಿಕ್ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಆ ವಾಸನೆ ನಿನಗೆ ಗೊತ್ತು. ಆಷಾಢದಲ್ಲಿ ಉದುರಿದ ಕೊಳೆ ಅಡಿಕೆಯನ್ನು ಬುಟ್ಟಿಯಲ್ಲಿ ಹೊತ್ತು ತರುವಾಗ ಬರುತ್ತದಲ್ಲ, ಅದೇ. ಸುತ್ತಲಿನ ಎಲೆ ಹಸಿರಾಗೇ ಇತ್ತು. ನಡುವಿನ ಸುಳಿ ಎಲೆ ಮಾತ್ರ ಮಂಕಾಗಿತ್ತು. ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಏನೂ ಜೋರು ಹಾಕಲಿಲ್ಲ. ಬೆಣ್ಣೆಯಲ್ಲಿ ಸಿಕ್ಕಿಸಿದ ಕಡ್ಡಿಯಂತೆ ಇಡೀ ಸುಳಿ ಎಲೆ ಕೈಗೆ ಬಂತು. ಕೆಳತುದಿ ಕಂದಾಗಿ ಲೋಳೆಯಾಗಿತ್ತು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ನಿನಗೆ ಫೋನ್ ಮಾಡಿದ್ದು ಆಗಲೇ. ನೀನು ಅಂಗಳದಲ್ಲಿ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಅಡಿಕೆ, ಗುಡಿಸುತ್ತಿದ್ದೆ, ಕಡ್ಡಿಪೊರಕೆಯ ಸದ್ದು ಕೇಳುತ್ತಿತ್ತು. ನಾನು ಚಳಿಯ ಬಗ್ಗೆ ಏನೇನೋ ಹೇಳಿದೆ. ಎಲ್ಲ ಕೇಳಿ ನೀನು ಒಂದೇ ಪ್ರಶ್ನೆ ಕೇಳಿದೆ: "ಕೊಟ್ಟೆ ಒಳಗೆ ಗಾಳಿ ಆಡ್ತಿತ್ತಾ?"

ಆಡುತ್ತಿರಲಿಲ್ಲ. ಚಳಿ ಆ ಮರಕ್ಕೆ ಅಂಥದ್ದೇನೂ ಮಾಡಿರಲಿಲ್ಲ ಗೆಳೆಯಾ. ನಾನು ಕಟ್ಟಿದ ಪ್ಲಾಸ್ಟಿಕ್ಕಿನೊಳಗೆ ಎರಡು ತಿಂಗಳು ನಿಂತ ಒದ್ದೆಯೇ ಅದನ್ನು ಕೊಳೆಸಿತ್ತು. ಒಣ ಚಳಿಯನ್ನು ಈ ಮರ ತಡೆಯುತ್ತದೆ, ಸುಳಿಯಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಹೊಳೆದದ್ದು ನೀನು ಕೇಳಿದ ಮೇಲೆ.

"ಬೋರ್ಡೋ ಹೊಡಿ" ಅಂದೆ ನೀನು, ಅಡಿಕೆಯ ಕೊಳೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ. ಇಲ್ಲಿ ಮನೆತೋಟಕ್ಕೆ ಈಗ ಬೋರ್ಡೋ ಮಾರುವುದಿಲ್ಲ. ಪಾಮ್ ಬೆಳೆಯುವವರು ಸುಳಿ ಕೊಳೆತಾಗ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ, ಶೇ. 3ರದ್ದು. ಔಷಧಿ ಅಂಗಡಿಯಿಂದ ತಂದು ಸುಳಿಯ ತೂತಿಗೆ ಸುರಿದೆ. ಬುಸ್ ಅಂತ ನೊರೆ ಬಂತು. ಎರಡು ದಿನ ಬಿಟ್ಟು ಮತ್ತೆ ಸುರಿದೆ. ನೊರೆ ಕಡಿಮೆಯಾಗುವವರೆಗೆ ಹೀಗೇ ಮಾಡಿದೆ. ಕೊಳೆತ ಭಾಗವನ್ನು ಗಟ್ಟಿ, ಬೆಳ್ಳಗಿನ ತಿರುಳು ಕಾಣುವವರೆಗೆ ಚೂಪು ಚಾಕುವಿನಲ್ಲಿ ಕತ್ತರಿಸಿದೆ. ನಾಲ್ಕು ಗೂಟ ನೆಟ್ಟು ಮೇಲೊಂದು ತಗಡು ಹಾಕಿದೆ, ಮಳೆ ಬೀಳಬಾರದು, ಗಾಳಿ ಮಾತ್ರ ಆಡಬೇಕು ಅಂತ. ಆಮೇಲೆ ಕಾಯುವುದಷ್ಟೇ ಕೆಲಸ, ಎಲೆ ಹುಟ್ಟುವ ಒಳಗಿನ ತುದಿ ಬದುಕಿದ್ದರೆ ಮರ ಉಳಿಯುತ್ತದೆ ಅಂತ.

ಮಾರ್ಚ್ ಹೋಯಿತು. ಏಪ್ರಿಲ್ ಹೋಯಿತು. ಒಂದು ಪೆನ್ನು ತೆಗೆದುಕೊಂಡು ಸುಳಿಯ ಬದಿಯಲ್ಲಿ ಗೆರೆ ಎಳೆದಿದ್ದೆ, ಮೇಲೆ ಬಂದರೆ ಗೊತ್ತಾಗಲಿ ಅಂತ. ಮೇ ಕೊನೆಗೆ ಆ ಗೆರೆ ಬೆರಳಗಲ ಮೇಲೆ ಬಂದಿತ್ತು! ಜೂನಿನಲ್ಲಿ ಎಲೆ ಬಿಚ್ಚಿತು. ಮೊದಲ ಎಲೆಗೆ ತುದಿಯೇ ಇರಲಿಲ್ಲ, ಕತ್ತರಿಯಲ್ಲಿ ನೇರ ಕತ್ತರಿಸಿದ ಹಾಗಿತ್ತು. ಒಳಗೆ ಮಡಚಿಕೊಂಡಿದ್ದಾಗಲೇ ನನ್ನ ಚಾಕು ಅದರ ತುದಿಯನ್ನು ತೆಗೆದಿತ್ತು. ಎರಡನೆಯದಕ್ಕೆ ಅರ್ಧ ತುದಿ. ಮೂರನೆಯದು ಪೂರ್ತಿ ದುಂಡಗಿನ ಬೀಸಣಿಗೆ. ಆ ಮೊದಲ ಮೋಟು ಎಲೆಯನ್ನು ಒಣಗಿದ ಮೇಲೂ ತೆಗೆಯಲಿಲ್ಲ. ಈಗಲೂ ಮರದಲ್ಲೇ ಜೋತು ಬಿದ್ದಿದೆ.

ಈಗ ಪ್ಲಾಸ್ಟಿಕ್ ಮುಟ್ಟುವುದಿಲ್ಲ. ಮೈನಸ್ 7ಕ್ಕಿಂತ ಕೆಳಗೆ ಹೋಗುತ್ತದೆ ಅಂತ ಮುನ್ಸೂಚನೆ ಇದ್ದರೆ ಮಾತ್ರ ಗಾಳಿಯಾಡುವ ಬಿಳಿ ಬಟ್ಟೆ ಸುತ್ತುತ್ತೇನೆ, ಫ್ಲೀಸ್ ಅನ್ನುತ್ತಾರೆ. ತೀರಾ ಚಳಿಯಾದರೆ ಒಳಗೆ ಹಳೇ ಕಾಲದ ಬಿಸಿಯಾಗುವ ಬಲ್ಬುಗಳ ಸರ ಇಡಬಹುದು. ಎಲ್‌ಇಡಿ ಬಿಸಿ ಕೊಡುವುದಿಲ್ಲ. ಚಳಿ ಕಳೆದ ದಿನವೇ ಬಿಚ್ಚುತ್ತೇನೆ.

ಬೋರ್ಡೋ ಅಂದಾಗ ನೆನಪಾಯಿತು. ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧಿ ನಮ್ಮ ಅಡಿಕೆಗೆ ಬಂದದ್ದರ ಹಿಂದೆ ಲೆಸ್ಲಿ ಕೋಲ್ಮನ್ ಇದ್ದಾರೆ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೊಳೆರೋಗದ ಮೇಲೆ ಕೆಲಸ ಮಾಡಿದವರು. ಇಂಗ್ಲಿಷಿನ ವಿಜ್ಞಾನ ಬರಹಗಳಲ್ಲೂ ಆ ರೋಗದ ಹೆಸರು "ಕೊಳೆರೋಗ" ಅಂತಲೇ ಇದೆ. ಇಲ್ಲಿ ಕೂತು ನಮ್ಮ ಊರ ಮಾತನ್ನು ಅಲ್ಲಿ ಓದಿದ ದಿನ ಎಷ್ಟು ಖುಷಿಯಾಯಿತು ಗೊತ್ತಾ!

ಅಮೆರಿಕದಲ್ಲಿರುವ ನಿನ್ನ ಅಣ್ಣನ ಮಗನಿಗೂ ಒಂದು ಮಾತು ಹೇಳು. ಅವನ ಊರಿನ ಚಳಿ ಇಲ್ಲಿಗಿಂತ ಜಾಸ್ತಿ. ಅವನು ನೀಡಲ್ ಪಾಮ್ ನೆಡಲಿ. ಅಲ್ಲಿನ ಜಾರ್ಜಿಯಾ, ಫ್ಲಾರಿಡಾ ಕಡೆಯದೇ ಗಿಡ, ಪೊದೆಯಂತೆ ಬೆಳೆಯುತ್ತದೆ, ನಡುವೆ ಸೂಜಿಯಂಥ ಮುಳ್ಳು. ಪಾಮ್‌ಗಳಲ್ಲೇ ಎಲ್ಲಕ್ಕಿಂತ ಹೆಚ್ಚು ಚಳಿ ತಡೆಯುವುದು ಅದು, ಮೈನಸ್ 20ರಲ್ಲೂ ಉಳಿದದ್ದುಂಟು. ಬೆಳೆಯುವುದು ಮಾತ್ರ ಬಹಳ ನಿಧಾನ.

ನನ್ನ ಮರಕ್ಕೆ ಕಾಯಿ ಬಿಡುತ್ತಾ ಅಂತ ಅಮ್ಮ ಕೇಳಿದರಂತೆ. ಬಿಡುವುದಿಲ್ಲ ಅಂತ ಹೇಳು. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ನನ್ನದು ಗಂಡು. ಮೊದಲು ಸ್ವಲ್ಪ ಬೇಜಾರಾಯಿತು. ಆಮೇಲೆ ಸ್ವಿಟ್ಜರ್ಲೆಂಡಿನ ಸುದ್ದಿ ಓದಿದೆ. ಅಲ್ಲಿ ತಿಚಿನೋ ಅನ್ನುವ ದಕ್ಷಿಣದ ಸೀಮೆಯಲ್ಲಿ ಇದೇ ಮರ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ, ಮೊದಲಿನಷ್ಟು ಚಳಿ ಇಲ್ಲದ್ದರಿಂದ ಸಸಿಗಳು ಸಾಯುವುದಿಲ್ಲ. ಅಲ್ಲಿಯ ಕಾಡುಗಿಡಗಳಿಗೆ ಜಾಗ ಕಡಿಮೆಯಾಗುತ್ತಿದೆ. 2024ರ ಸೆಪ್ಟೆಂಬರಿನಿಂದ ಅಲ್ಲಿ ಇದನ್ನು ಮಾರುವುದನ್ನೇ ನಿಲ್ಲಿಸಿದ್ದಾರೆ. ನನಗೆ ಅದು ಸರಿ ಅನ್ನಿಸಿತು. ನಮ್ಮ ಬೆಟ್ಟಗಳಲ್ಲಿ ಲಂಟಾನ ಗಿಡ ಮಾಡಿದ ಅನಾಹುತವನ್ನು ಕಂಡವರಲ್ಲವೇ ನಾವು. ನನ್ನದು ಬೀಜ ಬಿಡದ ಮರ ಅನ್ನುವುದು ಈಗ ನೆಮ್ಮದಿಯೇ.

ನಿಮ್ಮ ಸಾಗರ ಊರಲ್ಲಿ ನೆಡಲು ಒಂದು ಗಿಡ ಬೇಕು ಅಂದೆಯಲ್ಲ, ಬೇಡ. ನಿನ್ನ ತೋಟದ ಸೆಕೆ ಇದಕ್ಕೆ ಒಗ್ಗುವುದಿಲ್ಲ. ಗಿಡದ ಜೊತೆ ರೋಗ, ಹುಳ ಬರುವ ಭಯ ಬೇರೆ. ನಮ್ಮ ತೆಂಗಿನ ಕೆಂಪು ಮೂತಿ ಹುಳ ಹಾಗೆಯೇ ಗಿಡಗಳ ಜೊತೆ ಪ್ರಯಾಣ ಮಾಡಿ ಮೆಡಿಟರೇನಿಯನ್ ತೀರದ ಸಾಲು ಸಾಲು ಮರಗಳನ್ನು ತಿಂದು ಹಾಕಿದೆ.

ಅದರ ಬದಲು ನನಗೊಂದು ಆಸೆ ಇದೆ, ಅದಕ್ಕೆ ನೀನು ಹೂಂ ಅನ್ನಬೇಕು. ಈ ಮರದ ಅಣ್ಣತಮ್ಮಂದಿರು ನಮ್ಮ ದೇಶದಲ್ಲೇ ಇದ್ದಾರೆ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಒಂದು ಜಾತಿ ಇದೆ. ಇನ್ನೊಂದು ಉತ್ತರಾಖಂಡದ ಕುಮಾವೂ ಸೀಮೆಯಲ್ಲಿ, ಪಿಥೋರಾಗಢದ ಹತ್ತಿರ ಥಲ್‌ಕೇದಾರ್ ಬೆಟ್ಟದ ಕಡೆ. ಟ್ರಾಕಿಕಾರ್ಪಸ್ ಟಕಿಲ್ ಅಂತ ಹೆಸರು. ಸುಮಾರು 2,000 ಮೀಟರ್ ಎತ್ತರದಲ್ಲಿ, ಓಕ್ ಮರಗಳ ನಡುವೆ, ಚಳಿಗಾಲದಲ್ಲಿ ಹಿಮ ಹೊತ್ತು ನಿಲ್ಲುತ್ತದೆ. ಯಾರೂ ಬಟ್ಟೆ ಸುತ್ತುವುದಿಲ್ಲ, ಯಾರೂ ದೀಪ ಇಡುವುದಿಲ್ಲ. ನಾರಿಗಾಗಿ ಕಡಿದು ಕಡಿದು ಈಗ ಉಳಿದಿರುವುದು ಸ್ವಲ್ಪವೇ.

ಮುಂದಿನ ಮಾರ್ಚಿನಲ್ಲಿ ನಾನು ಊರಿಗೆ ಬರುತ್ತೇನೆ. ಅಷ್ಟರಲ್ಲಿ ನಿನ್ನ ಅಡಿಕೆ ಕೊಯ್ಲು ಮುಗಿದು ಚಾಲಿಯೂ ಒಣಗಿರುತ್ತದೆ. ಇಬ್ಬರೂ ಥಲ್‌ಕೇದಾರಿಗೆ ಹೋಗೋಣ. ಅಲ್ಲಿ ಒಂದು ಮರದ ಬುಡದಲ್ಲಿ ನಿನ್ನನ್ನು ನಿಲ್ಲಿಸಬೇಕು. ಕತ್ತೆತ್ತಿ ಸುಳಿ ನೋಡಿ ನೀನು ಏನು ಹೇಳುತ್ತೀಯ ಅಂತ ಕೇಳಬೇಕು.

ಟಿಕೆಟ್ ಮಾಡಿಸಲಾ? ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮಳೆ ಹಿಡಿಯುವ ಮೊದಲು ಕೊಟ್ಟೆ ಕಟ್ಟಿ ಮುಗಿಯಿತಾ, ಬರಿ.

ನಿನ್ನ ಗೆಳೆಯ